ಯಾವ ಪುಸ್ತಕ ಮೊದಲು? ಕನ್ನಡನಾಡಿನ ಬಗ್ಗೆ ಬಂದ ಹೊಸ ವಿದ್ವತ್ ಗ್ರಂಥಗಳ ಹೋಲಿಕೆ

ವರ್ಷದಲ್ಲಿ ನಾಲ್ಕಾರು ಸಲವಾದರೂ ಈ ಪ್ರಶ್ನೆ ನನ್ನ ಬಳಿ ಬರುತ್ತದೆ: ‘ನಮ್ಮ ನಾಡಿನ ಇತಿಹಾಸ, ಭಾಷೆ, ಧರ್ಮ, ಕಲೆ ಅಂತ ಇಂಗ್ಲಿಷಿನಲ್ಲಿ ಒಳ್ಳೊಳ್ಳೆ ಪುಸ್ತಕ ಬಂದಿವೆಯಂತೆ. ಒಂದೇ ಒಂದು ಓದೋದಾದರೆ ಯಾವುದು?’ ಕೇಳುವವರಲ್ಲಿ ಹೈಸ್ಕೂಲು ಮೇಷ್ಟ್ರು ಇರುತ್ತಾರೆ, ಬ್ಯಾಂಕಿನಿಂದ ನಿವೃತ್ತರಾಗಿ ಈಗ ಬಿಡುವಾಗಿ ಓದಲು ಕೂತವರು ಇರುತ್ತಾರೆ, ಎಂ.ಎ. ಮಾಡುತ್ತಿರುವ ಹುಡುಗಿಯರು ಇರುತ್ತಾರೆ, ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಹಂಪಿಯ ನೆನಪು ಬಿಡದ ಹೊರನಾಡಿನ ಗೆಳೆಯರೂ ಇರುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲಾಗುವುದಿಲ್ಲ. ಆದರೆ ಆರಿಸಿಕೊಳ್ಳುವ ದಾರಿ ಮಾತ್ರ ಒಂದೇ ಎಂದು ನನಗೆ ಈಚೆಗೆ ಖಚಿತವಾಗಿದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ದಖ್ಖನಿನ ಮೇಲಿನ ಒಂದು ದಪ್ಪ ಪುಸ್ತಕಕ್ಕೆ ಸಾವಿರಗಟ್ಟಲೆ ಹಣ ಸುರಿದೆ. ಪುಸ್ತಕ ಕೆಟ್ಟದ್ದೇನಲ್ಲ. ಆದರೆ ಅದರ ಆಧಾರವೆಲ್ಲ ಪಾರ್ಸಿ ಹಸ್ತಪ್ರತಿಗಳು, ಆ ಹಸ್ತಪ್ರತಿಗಳೆಲ್ಲ ಹೊರದೇಶದ ಗ್ರಂಥಾಲಯಗಳಲ್ಲಿ. ಲೇಖಕರು ಹೇಳಿದ್ದನ್ನು ನಂಬಬೇಕು, ಇಲ್ಲವೇ ಬಿಡಬೇಕು. ನಡುವೆ ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಮುನ್ನೂರು ಪುಟ ಮುಗಿಸಿದ ಮೇಲೂ ಕೈಗೆ ಏನು ಸಿಕ್ಕಿತು ಎಂದು ಹೇಳಲಾಗಲಿಲ್ಲ. ಅಂದಿನಿಂದ ಪುಸ್ತಕ ಆರಿಸುವಾಗ ಮೊದಲು ಒಂದನ್ನು ನೋಡುತ್ತೇನೆ: ಇದರ ಆಧಾರ ಎಲ್ಲಿದೆ? ನಾನು ಹೋಗಿ ನೋಡಬಹುದಾದ ಕಲ್ಲಿನಲ್ಲಿದೆಯೇ, ನಾನು ಓದಬಹುದಾದ ಕನ್ನಡದಲ್ಲಿದೆಯೇ? ಇದ್ದರೆ ಆ ಪುಸ್ತಕದ ಜೊತೆ ನಾನು ಮಾತಾಡಬಹುದು, ಜಗಳವನ್ನೂ ಆಡಬಹುದು. ಕನ್ನಡ ಬಲ್ಲ ಓದುಗರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಪರದೇಶದ ವಿದ್ವಾಂಸರು ಹತ್ತು ವರ್ಷ ಕಲಿತು ಮುಟ್ಟಿದ ರಗಳೆಯ ಕವಿ ಹರಿಹರ ನಮ್ಮ ಊರಿನ ಗ್ರಂಥಾಲಯದ ಕಪಾಟಿನಲ್ಲೇ ಇದ್ದಾನೆ.

ಇಲ್ಲಿ ಹೋಲಿಸುವ ಪುಸ್ತಕಗಳು ಹೆಚ್ಚಾಗಿ 2014ರಿಂದ ಈಚೆಗೆ ಬಂದವು. ಕಾದಂಬರಿಗೆ ಹತ್ತು ವರ್ಷ ಎಂದರೆ ಹಳತು. ಇಂಥ ಗ್ರಂಥಗಳಿಗೆ ಹಾಗಲ್ಲ, ಅವುಗಳ ವಾದ ಜೀರ್ಣವಾಗುವುದಕ್ಕೇ ಅಷ್ಟು ಕಾಲ ಬೇಕು.

ಭಾಷೆ: ಹಾವಿನ ನುಡಿಯೋ, ಜಗದ್ವಲಯವೋ

ಭಾಷೆಯ ವಿಷಯದಲ್ಲಿ ಆಯ್ಕೆ ಕಷ್ಟ, ಏಕೆಂದರೆ ಎರಡು ಒಳ್ಳೆಯ ಪುಸ್ತಕಗಳು ಬೆನ್ನುಬೆನ್ನಿಗೆ ಬಂದವು. ಆಂಡ್ರ್ಯೂ ಆಲೆಟ್ ಅವರ ‘ಲ್ಯಾಂಗ್ವೇಜ್ ಆಫ್ ದಿ ಸ್ನೇಕ್ಸ್’ 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂತು. ಮರುವರ್ಷವೇ ಷ. ಶೆಟ್ಟರ್ ಅವರ ‘ಪ್ರಾಕೃತ ಜಗದ್ವಲಯ’ ಕನ್ನಡದಲ್ಲಿ ಬಂತು. ಎರಡರ ವಸ್ತುವೂ ಪ್ರಾಕೃತವೇ. ಸಂಸ್ಕೃತದ ಬಗ್ಗೆ ಪರವಾಗಿಯೋ ವಿರೋಧವಾಗಿಯೋ ಮಾತಾಡುವ ಭರದಲ್ಲಿ ನಾವು ಮರೆತ ಭಾಷೆ ಅದು.

ಆಲೆಟ್ ಪುಸ್ತಕದ ಹೆಸರಿನ ಹಿಂದೆ ಒಂದು ಕಥೆಯಿದೆ. ಔರಂಗಜೇಬನ ಕಾಲದಲ್ಲಿ ಮಿರ್ಜಾ ಖಾನ್ ಎಂಬ ವಿದ್ವಾಂಸ ಪಾರ್ಸಿಯಲ್ಲಿ ಒಂದು ಗ್ರಂಥ ಬರೆದು, ಹಿಂದೂಸ್ತಾನದ ಸಾಹಿತ್ಯ ಭಾಷೆಗಳು ಮೂರು ಎಂದ. ಸಂಸ್ಕೃತ ದೇವತೆಗಳದ್ದು, ಪ್ರಾಕೃತ ಪಾತಾಳದ ನಾಗರದ್ದು, ದೇಶಭಾಷೆಯಾದ ಭಾಖಾ ಮನುಷ್ಯರದ್ದು. ಆಗಲೇ ಪ್ರಾಕೃತ ಎಷ್ಟು ದೂರ ಸರಿದಿತ್ತೆಂದರೆ ಅದಕ್ಕೆ ಭೂಮಿಯ ಮೇಲೆ ಜಾಗವೇ ಇರಲಿಲ್ಲ. ಆಲೆಟ್ ಅಲ್ಲಿಂದ ಹಿಂದಕ್ಕೆ ನಡೆದು, ಶಾತವಾಹನರ ದಖ್ಖನಿನಲ್ಲಿ ಅದೇ ಭಾಷೆ ಕಾವ್ಯದ ಮುಂಚೂಣಿಯಲ್ಲಿದ್ದದ್ದನ್ನು ತೋರಿಸುತ್ತಾರೆ. ಪ್ರಾಕೃತ ಎಂದರೆ ಜನರ ಬಾಯಿಮಾತು, ಸಂಸ್ಕೃತ ಎಂದರೆ ಪಂಡಿತರ ಮಾತು ಎಂದು ಶಾಲೆಯಲ್ಲಿ ಕಲಿತ ವಿಂಗಡಣೆಯನ್ನು ಅವರು ಒಪ್ಪುವುದಿಲ್ಲ. ಸಾಹಿತ್ಯದ ಪ್ರಾಕೃತವೂ ಕಡೆದು ನಿಲ್ಲಿಸಿದ ಭಾಷೆಯೇ, ಸಂಸ್ಕೃತಕ್ಕೆ ಜೋಡಿಯಾಗಿ ಬೆಳೆದದ್ದು, ಒಂದಿಲ್ಲದೆ ಇನ್ನೊಂದರ ಗುರುತು ಸಿಗುವುದಿಲ್ಲ ಎಂಬುದು ಅವರ ವಾದ. ನಮ್ಮಂಥ ಭಾಷೆಗಳು ಕಾವ್ಯಕ್ಕೆ ಕಾಲಿಟ್ಟಾಗ ಪ್ರಾಕೃತದ ಜಾಗ ಏನಾಯಿತು ಎಂಬ ಅಧ್ಯಾಯಕ್ಕೆ ಬಂದಾಗ ಕನ್ನಡ ಓದುಗರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಶೆಟ್ಟರ್ ಹೊರಡುವುದು ಕಲ್ಲಿನಿಂದ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಸನ್ನತಿ ಹೀಗೆ ಅಶೋಕನ ಶಾಸನಗಳು ಹರಡಿದ ನೆಲದಿಂದ ಹೊರಟು, ಪ್ರಾಕೃತ ಇಲ್ಲಿ ಬಂದು ಬಾಳಿ, ಸಂಸ್ಕೃತಕ್ಕೂ ಕನ್ನಡಕ್ಕೂ ದಾರಿ ಬಿಟ್ಟ ಬಗೆಯನ್ನು ಹಿಡಿಯುತ್ತಾರೆ. ಲಿಪಿಕಾರರ ಮೇಲೆ ಅವರಿಗೆ ವಿಶೇಷ ಪ್ರೀತಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಓಡಿದರೆ, ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಈ ಮನುಷ್ಯ ಅಲ್ಲಿಂದ ಮೊಳಕಾಲ್ಮೂರಿನ ಬೆಟ್ಟದವರೆಗೆ ಬಂದಿದ್ದನೇ? ರಾಜಾಜ್ಞೆಯ ಅಡಿಯಲ್ಲಿ ತನ್ನ ಕಸುಬನ್ನು ತನ್ನ ಊರಿನ ಅಕ್ಷರದಲ್ಲಿ ಬರೆದುಕೊಂಡ ಆ ಕೈಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಯಾವುದು ಮೊದಲು? ಶಾಸನ, ಊರು, ಸುತ್ತಾಟ ಇಷ್ಟವಾದವರಿಗೆ ಶೆಟ್ಟರ್. ಕಾವ್ಯ, ವ್ಯಾಕರಣ, ಒಂದು ಭಾಷೆ ಇನ್ನೊಂದನ್ನು ಹೇಗೆ ಕಾಣುತ್ತದೆ ಎಂಬ ತರ್ಕ ಇಷ್ಟವಾದವರಿಗೆ ಆಲೆಟ್. ಒಂದು ಎಚ್ಚರಿಕೆ ಮಾತ್ರ ಇರಲಿ: ಇಬ್ಬರೂ ‘ಪ್ರಾಕೃತ’ ಎಂದಾಗ ಒಂದೇ ಅರ್ಥ ಹಿಡಿಯಬೇಡಿ. ಶೆಟ್ಟರ್ ಅಶೋಕನ ಶಾಸನದ ಭಾಷೆಯನ್ನೂ ಅದರೊಳಗೆ ಸೇರಿಸುತ್ತಾರೆ. ಆಲೆಟ್ ಕಾವ್ಯಭಾಷೆಯನ್ನು ಬೇರೆಯಾಗಿಯೇ ಇಡುತ್ತಾರೆ. ಈ ಅಂತರ ತಿಳಿಯದೆ ಓದಿದರೆ ಇಬ್ಬರೂ ಜಗಳವಾಡುತ್ತಿದ್ದಾರೆ ಅನ್ನಿಸುತ್ತದೆ. ತಿಳಿದು ಓದಿದರೆ ಒಂದೇ ಹೊಳೆಯ ಎರಡು ದಡದಲ್ಲಿ ನಡೆಯುವವರಂತೆ ಕಾಣುತ್ತಾರೆ.

ಇವೆರಡಕ್ಕೂ ಹಿಂದೆ ನಿಂತಿರುವುದು ಷೆಲ್ಡನ್ ಪೊಲಾಕ್ ಅವರ 2006ರ ದೊಡ್ಡ ಗ್ರಂಥ ‘ದಿ ಲ್ಯಾಂಗ್ವೇಜ್ ಆಫ್ ದಿ ಗಾಡ್ಸ್ ಇನ್ ದಿ ವರ್ಲ್ಡ್ ಆಫ್ ಮೆನ್’. ಶೆಟ್ಟರ್ ಬಳಸಿದ ‘ಜಗದ್ವಲಯ’ ಎಂಬ ಮಾತೇ ಪೊಲಾಕರ ‘ಕಾಸ್ಮೊಪೊಲಿಸ್’ಗೆ (ಒಂದೇ ಭಾಷೆ ಹಲವು ನಾಡುಗಳಿಗೆ ಹರಡಿ ಕಟ್ಟಿದ ಲೋಕಕ್ಕೆ) ಕನ್ನಡದ ಉತ್ತರ. ಆರುನೂರು ಪುಟ ದಾಟುವ ಆ ಪುಸ್ತಕದಲ್ಲಿ ಕವಿರಾಜಮಾರ್ಗಕ್ಕೆ ಸಿಕ್ಕ ಮರ್ಯಾದೆ ನೋಡಿ ನಮ್ಮವರೆಲ್ಲ ಹಿಗ್ಗಿದ್ದು ನಿಜ. ಆದರೂ ಮೊದಲ ಪುಸ್ತಕವಾಗಿ ಅದನ್ನು ಯಾರಿಗೂ ಹೇಳುವುದಿಲ್ಲ. ಪರಿಭಾಷೆಯ ಗೋಡೆ ಎತ್ತರ. ಕನ್ನಡದ ಭಾಗಗಳನ್ನಷ್ಟೇ ಗ್ರಂಥಾಲಯದಲ್ಲಿ ಕೂತು ಓದಿ ಬನ್ನಿ, ಸದ್ಯಕ್ಕೆ ಸಾಕು.

ಪ್ರಾಕೃತ ನಮಗೆ ದೂರದ್ದು ಎನ್ನುವವರು ದಿನದ ಮಾತನ್ನೇ ಕಿವಿಗೊಟ್ಟು ಕೇಳಿ. ರಾಯ, ಸಿರಿ, ಜೋಗಿ, ಬಸದಿ, ಅಕ್ಕರ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಇಂಥ ಪದಗಳಿಗಾಗಿ ಒಂದು ಪ್ರಕರಣವನ್ನೇ ಇಟ್ಟ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದ ಚಪ್ಪಡಿಯಲ್ಲಿ ಅಶೋಕನ ಮೂರ್ತಿಯ ಜೊತೆ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಆ ‘ರಾಯ’ನೇ ಕೃಷ್ಣದೇವರಾಯನಲ್ಲೂ ಇದ್ದಾನೆ, ನಮ್ಮ ಪಕ್ಕದ ಮನೆಯ ಭೀಮರಾಯರಲ್ಲೂ ಇದ್ದಾನೆ.

ಧರ್ಮ: ಹರಿಹರನ ಹೂವೋ, ವ್ಯಾಸತೀರ್ಥರ ವಾದವೋ

ಧರ್ಮದ ಪುಸ್ತಕ ಆರಿಸುವಾಗ ಜನ ಮೊದಲು ಕೇಳುವುದು ‘ಯಾರ ಪರ?’ ಎಂದು. ನನಗೆ ಆ ಪ್ರಶ್ನೆಯಿಂದ ಬೇಸರವಾಗುತ್ತದೆ. ‘ಯಾವ ಕಾಲದ ಸಾಕ್ಷಿ?’ ಎಂದು ಕೇಳಬೇಕು. ಗಿಲ್ ಬೆನ್-ಹೆರುತ್ ಅವರ ‘ಶಿವಾಸ್ ಸೇಂಟ್ಸ್’ (ಆಕ್ಸ್‌ಫರ್ಡ್, 2018) ಈ ಪ್ರಶ್ನೆಯನ್ನು ಕೇಳುವ ಶಿಸ್ತನ್ನು ಕಲಿಸುತ್ತದೆ ಎಂಬುದಕ್ಕಾಗಿಯೇ ನನಗೆ ಮೆಚ್ಚು.

ಶರಣರೆಂದರೆ ನಮಗೆ ಮೊದಲು ನೆನಪಾಗುವುದು ವಚನ. ಆದರೆ ಅವರ ಬದುಕಿನ ಕಥೆ ಕಟ್ಟುವಾಗ ನಾವು ಬಳಸುವುದರಲ್ಲಿ ಬಹುಪಾಲು ವಿಜಯನಗರ ಕಾಲದಲ್ಲಿ ರೂಪುಗೊಂಡದ್ದು. ಶೂನ್ಯಸಂಪಾದನೆ 15ನೇ ಶತಮಾನದ್ದು. ಬಸವಣ್ಣನವರ ಕಾಲಕ್ಕೆ ತೀರ ಹತ್ತಿರ ನಿಂತು ಕನ್ನಡದಲ್ಲಿ ಶರಣಚರಿತೆ ಬರೆದವನು ಹಂಪೆಯ ಹರಿಹರ. ಬೆನ್-ಹೆರುತ್ ಅವನ ರಗಳೆಗಳನ್ನೇ ಹಿಡಿದು ಕೂತು, ಮುಂದೆ ಬಂದ ಚಿತ್ರಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಹರಿಹರನಿಗೆ ಶಿವಭಕ್ತರ ಲೋಕ ಹೇಗೆ ಕಂಡಿತ್ತು ಎಂದು ನೋಡುತ್ತಾರೆ. ಅವರಿಗೆ ಕಂಡದ್ದು ಒಂದೇ ಅಚ್ಚಿನ ಚಳವಳಿಯಲ್ಲ. ರಾಜನ ಮಂತ್ರಿಯೂ ಇದ್ದಾನೆ, ವ್ಯಾಪಾರಿಯೂ ಇದ್ದಾನೆ, ಬ್ರಾಹ್ಮಣನೂ ಇದ್ದಾನೆ, ಹೊಲೆಯನೂ ಇದ್ದಾನೆ. ಗುಡಿಗೆ ಬೆನ್ನು ತಿರುಗಿಸಿದವರೇ ಎಲ್ಲರೂ ಎನ್ನುವಂತಿಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಹರಿಹರನ ಬಸವರಾಜದೇವರ ರಗಳೆ ತೆಗೆಯಿರಿ. ಜನಿವಾರ ಹರಿದು ಬಾಗೇವಾಡಿ ಬಿಟ್ಟ ಹುಡುಗ ಕಪ್ಪಡಿ ಸಂಗಮಕ್ಕೆ ಬಂದು ಏನು ಮಾಡುತ್ತಾನೆ? ಸಂಗಮೇಶ್ವರನ ಗುಡಿಯಲ್ಲಿ ಹೂವಿನ ಪೂಜೆ. ಹೂ ಕೊಯ್ಯುವುದರಲ್ಲಿ, ಕಟ್ಟುವುದರಲ್ಲಿ, ಲಿಂಗಕ್ಕೆ ಏರಿಸುವುದರಲ್ಲಿ ಹರಿಹರನಿಗೆ ಎಂಥ ತನ್ಮಯತೆ! ಪುಷ್ಪರಗಳೆಯನ್ನೇ ಬರೆದವನಲ್ಲವೇ. ಈಗ ಅದರ ಪಕ್ಕದಲ್ಲಿ ‘ಉಳ್ಳವರು ಶಿವಾಲಯ ಮಾಡುವರು’ ವಚನವನ್ನು ಇಡಿ. ಎರಡೂ ಬಸವಣ್ಣನೇ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಸುಲಭವಲ್ಲ, ಆದರೆ ಯಾವುದನ್ನೂ ಕಳೆದುಕೊಳ್ಳಬೇಕಾಗಿಲ್ಲ. ವಚನಗಳನ್ನು ಇಡಿಯಾಗಿ ನೋಡಬೇಕೆಂದರೆ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟವಿದೆ, ಪದ ಹಾಕಿ ಹುಡುಕಲು ವಚನ ಸಂಚಯ ಜಾಲತಾಣವಿದೆ.

ಹರಿಹರನಲ್ಲಿ ಕಹಿಯೂ ಇದೆ, ಮುಖ್ಯವಾಗಿ ಜೈನರ ಬಗ್ಗೆ. ಜೈನರೊಡನೆ ಸೆಣಸಿದ ಶಿವಭಕ್ತರಾದ ಪುಲಿಗೆರೆಯ ಆದಯ್ಯನ ಕಥೆ, ಏಕಾಂತದ ರಾಮಯ್ಯನ ಕಥೆ ಓದುವಾಗ ಮನಸ್ಸು ಅಳುಕುತ್ತದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಗೆ ಹೋದರೆ ರಾಮಯ್ಯನ ಪ್ರಸಂಗ ಶಾಸನದಲ್ಲೂ ಇದೆ, ಶಿಲ್ಪದಲ್ಲೂ ಇದೆ. ಶಿಲ್ಪದ ಜೊತೆಗೇ ಕನ್ನಡದಲ್ಲಿ ವಿವರಣೆಯ ಸಾಲು ಕೆತ್ತಿದ್ದಾರೆ. ಆ ಸಾಲಿನ ಮುಂದೆ ನಿಂತಾಗ ಅರ್ಥವಾಗುತ್ತದೆ, ಇದನ್ನು ಮುಚ್ಚಿಟ್ಟು ಬರೆಯುವ ಇತಿಹಾಸಕ್ಕೂ ಇದೊಂದನ್ನೇ ಎತ್ತಿ ಹಿಡಿಯುವ ಇತಿಹಾಸಕ್ಕೂ ಈ ಕಲ್ಲು ಸಿಗುವುದಿಲ್ಲ. ಬೆನ್-ಹೆರುತ್ ಎರಡೂ ಮಾಡುವುದಿಲ್ಲ.

ಇದರ ಎದುರಿಗೆ ವ್ಯಾಲರಿ ಸ್ಟೋಕರ್ ಅವರ ‘ಪಾಲೆಮಿಕ್ಸ್ ಅಂಡ್ ಪೇಟ್ರನೇಜ್ ಇನ್ ದಿ ಸಿಟಿ ಆಫ್ ವಿಕ್ಟರಿ’ (ಕ್ಯಾಲಿಫೋರ್ನಿಯಾ, 2016). ಕೇಂದ್ರದಲ್ಲಿರುವವರು ವಿಜಯನಗರ ಕಾಲದ ಮಾಧ್ವ ಯತಿ ವ್ಯಾಸತೀರ್ಥರು. ಕೃಷ್ಣದೇವರಾಯನಿಗೆ ಒದಗಿದ ಕುಹಯೋಗ ಎಂಬ ಕೆಟ್ಟ ಗಳಿಗೆಯನ್ನು ಕಳೆಯಲು ಅವರು ಸಿಂಹಾಸನದ ಮೇಲೆ ಕೂತರು ಎಂಬ ಕಥೆಯನ್ನು ಮಾಧ್ವರ ಮನೆಯ ಮಕ್ಕಳು ಅಜ್ಜಿಯ ಬಾಯಿಂದಲೇ ಕೇಳಿರುತ್ತಾರೆ. ಸ್ಟೋಕರ್ ನೋಡುವುದು ಅರಮನೆಯ ದಾನ ಯಾವ ಮಠಕ್ಕೆ, ಯಾವ ಊರಲ್ಲಿ, ಯಾವ ಕಾರಣಕ್ಕೆ ಹೋಯಿತು ಎಂಬುದನ್ನು. ದಾನ ಬಂದ ಕಡೆ ವ್ಯಾಸತೀರ್ಥರು ಕೆರೆ ಕಟ್ಟಿಸಿದರು, ತಿರುಪತಿಯಲ್ಲಿ ಮಠ ನಿಲ್ಲಿಸಿದರು, ಶ್ರೀವೈಷ್ಣವರ ಜೊತೆ ದೇವಸ್ಥಾನದ ವ್ಯವಹಾರದಲ್ಲಿ ಕೈಜೋಡಿಸಿದರು. ಅದೇ ಕಾಲಕ್ಕೆ ಗ್ರಂಥಗಳಲ್ಲಿ ಅದ್ವೈತವನ್ನು ಬಿಡದೆ ಖಂಡಿಸಿದರು, ಶ್ರೀವೈಷ್ಣವರ ಜೊತೆಗೂ ತಾತ್ವಿಕವಾಗಿ ಸೆಣಸಿದರು. ವಾದದಲ್ಲಿ ಎದುರಾಳಿಗಳು ಊಟದ ಪಂಕ್ತಿಯ ವ್ಯವಸ್ಥೆಯಲ್ಲಿ ಪಾಲುದಾರರಾಗಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಪುಸ್ತಕ ನಾನು ಓದಿಲ್ಲ.

ಪುಸ್ತಕ ತೆಳು, ಆದರೆ ವ್ಯಾಸತೀರ್ಥರ ಗ್ರಂಥ ನ್ಯಾಯಾಮೃತದ ವಾದಗಳು ಬರುವ ಭಾಗ ಗಟ್ಟಿ. ವೇದಾಂತದ ಪರಿಚಯವಿಲ್ಲದವರು ಅಲ್ಲಿ ನಿಲ್ಲದೆ ತಿರುಪತಿಯ ಶಾಸನಗಳ ಭಾಗಕ್ಕೆ ಹೋಗಲಿ. ಮನೆಯಲ್ಲಿ ವೇದಾಂತದ ಗಾಳಿ ಇದ್ದವರಿಗೆ ಉಲ್ಟಾ: ಆ ಗಟ್ಟಿ ಭಾಗವೇ ಹಬ್ಬ. ಎರಡರಲ್ಲಿ ಒಂದು ಎಂದರೆ ನನ್ನ ಆಯ್ಕೆ ಬೆನ್-ಹೆರುತ್. ಕಾರಣ ಆಗಲೇ ಹೇಳಿದ್ದೇ. ರಗಳೆಯನ್ನು ಎದುರಿಗೆ ಇಟ್ಟುಕೊಂಡು ಓದಬಹುದು. ವ್ಯಾಸತೀರ್ಥರ ಸಂಸ್ಕೃತದ ಜೊತೆ ಹಾಗೆ ಮಾಡಬಲ್ಲವರು ಕಡಿಮೆ. ಆದರೆ ಕೈಯಲ್ಲಿ ಕಾಸಿಲ್ಲದಿದ್ದರೆ ಸ್ಟೋಕರ್ ಮೊದಲು. ಅದರ ಕಾರಣ ಮುಂದೆ ಬರುತ್ತದೆ.

ಇತಿಹಾಸ: ಇಲ್ಲಿ ನನಗೆ ಅನುಮಾನವೇ ಇಲ್ಲ

ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಸೇರಿ ಬರೆದ ‘ಪವರ್, ಮೆಮರಿ, ಆರ್ಕಿಟೆಕ್ಚರ್’ (ಆಕ್ಸ್‌ಫರ್ಡ್, ದೆಹಲಿ, 2014). ಯಾರಾದರೂ ಒಂದೇ ಪುಸ್ತಕ ಕೇಳಿದರೆ ನಾನು ಹೇಳುವುದು ಇದನ್ನೇ. 1300ರಿಂದ 1600ರವರೆಗಿನ ದಖ್ಖನ್. ಆದರೆ ಹಂಪಿ, ವಿಜಯಪುರ, ಬೀದರ್‌ನಂಥ ರಾಜಧಾನಿಗಳಿಗೆ ನೇರ ಓಡುವ ಬದಲು ಇವರು ಕಲ್ಯಾಣ, ರಾಯಚೂರು, ವಾರಂಗಲ್ ಎಂಬ ಮೂರು ಗಡಿಕೋಟೆಗಳಲ್ಲಿ ಬೀಡುಬಿಟ್ಟರು. ಎರಡು ರಾಜ್ಯ ಕಚ್ಚಾಡಿದ ಊರುಗಳಲ್ಲೇ ಕಲ್ಲು ಹೆಚ್ಚು ಮಾತಾಡುತ್ತದೆ ಎಂಬುದು ಅವರ ಲೆಕ್ಕ.

ವಿಜಯಪುರದ ಒಳಕೋಟೆಯಾದ ಅರ್ಕಿಲ್ಲೆಯ ದಕ್ಷಿಣ ಬಾಗಿಲಿನ ಬಳಿ ಚಾಲುಕ್ಯರ ಕಾಲದ ಕಂಬಗಳಿವೆ. ಗೈಡುಗಳು ‘ಗುಡಿ ಕೆಡವಿ ತಂದದ್ದು’ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಈಟನ್ ಮತ್ತು ವ್ಯಾಗನರ್ ನಿಧಾನಿಸುತ್ತಾರೆ. ಯಾವ ಕಾಲದಲ್ಲಿ ನಿಲ್ಲಿಸಿದ್ದು, ಎಲ್ಲರೂ ಕಾಣುವಂತೆ ನಿಲ್ಲಿಸಿದ್ದೇಕೆ, ಕಂಬದ ಮೇಲಿನ ಕನ್ನಡ ಬರಹವನ್ನು ಅಳಿಸದೆ ಬಿಟ್ಟಿದ್ದೇಕೆ ಎಂದು ಕೇಳುತ್ತಾರೆ. 16ನೇ ಶತಮಾನದಲ್ಲಿ ಒಂದನೆಯ ಅಲಿ ಆದಿಲ್‌ಶಾಹನೂ ವಿಜಯನಗರದ ರಾಮರಾಯನೂ ತಾವೇ ಕಲ್ಯಾಣದ ಚಾಲುಕ್ಯರ ವಾರಸುದಾರರು ಎಂದು ಪೈಪೋಟಿಗೆ ಬಿದ್ದಿದ್ದರು ಎಂಬುದು ಅವರ ಉತ್ತರ. ಹಂಪಿಯ ಅರಮನೆ ಆವರಣದ ಮೆಟ್ಟಿಲ ಪುಷ್ಕರಣಿಯನ್ನು ನಾವೆಲ್ಲ ನೋಡಿದ್ದೇವೆ. ಕಪ್ಪು ಕಲ್ಲಿನ ಅದರ ಪ್ರತಿ ತುಂಡಿನ ಮೇಲೂ ಎಲ್ಲಿ ಕೂರಿಸಬೇಕೆಂಬ ಗುರುತು ಇದೆ. ಅದೂ ಚಾಲುಕ್ಯರ ನೆಲದಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದು ಎಂಬ ವಾದ ಇವರದು. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಕಲ್ಲು ಅಲ್ಲೇ ಇದೆ.

ಬಸವಕಲ್ಯಾಣದ 1326ರ ಸಂಸ್ಕೃತ ಶಾಸನದ ವಿಷಯವೂ ಇಲ್ಲಿ ಬರುತ್ತದೆ. ಗಲಭೆಯಲ್ಲಿ ಹಾಳಾದ ಮಧುಕೇಶ್ವರನ ಗುಡಿಯಲ್ಲಿ ಪೂಜೆ ಮತ್ತೆ ಶುರುಮಾಡಲು ಊರವರು ಕೇಳಿಕೊಂಡಾಗ, ಮಹಮ್ಮದ್ ಬಿನ್ ತುಘಲಕ್‌ನ ಅಧಿಕಾರಿ, ಅದು ಅವರ ಧರ್ಮವಾದ್ದರಿಂದ ನಡೆಯಲಿ ಎಂದು ಒಪ್ಪಿದ. ಇದನ್ನು ಹಿಡಿದು ತುಘಲಕ್ ಆಳ್ವಿಕೆಯೆಲ್ಲ ಹೀಗೇ ಇತ್ತು ಎನ್ನಲಾಗದು. ಹೀಗಿರಲೇ ಇಲ್ಲ ಎನ್ನುವವರೂ ಈ ಶಾಸನಕ್ಕೆ ಉತ್ತರ ಕೊಡಬೇಕಾಗುತ್ತದೆ.

ರಾಯಚೂರಿಗೆ ನಾನು ಪುಸ್ತಕದ ಟಿಪ್ಪಣಿ ಮಾಡಿಕೊಂಡೇ ಹೋಗಿದ್ದೆ. ಕೋಟೆಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಕೂತಿದೆ. ಕಾಕತೀಯರ ಕಾಲದ್ದು, 1294ರ ತೆಲುಗು ಶಾಸನ ಅದರ ಮೇಲಿದೆ. ಇಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ ಎಂದು ಯಾರಾದರೂ ಕೇಳುತ್ತಾರೆಂದು ಆ ಕಾಲದವರಿಗೇ ಗೊತ್ತಿತ್ತೇನೋ. ಹತ್ತಿರದಲ್ಲೇ ಗೋಡೆಯ ಮೇಲೆ ಚಿತ್ರ ಕೊರೆದಿದ್ದಾರೆ. ಗಾಡಿಯ ಮೇಲೆ ಕಲ್ಲು, ಮುಂದೆ ಉದ್ದಕ್ಕೆ ಹೂಡಿದ ಕೋಣಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಅವರ ಬಾಗಿದ ಬೆನ್ನನ್ನು ಕಂಡಾಗ ನನಗೆ ರಾಜರ ಹೆಸರೆಲ್ಲ ಮರೆತುಹೋಯಿತು. 1520ರ ರಾಯಚೂರು ಕದನ, ತೋಪು ಬಂದೂಕು ಬಂದ ಮೇಲೆ ಕೋಟೆಯ ಗೋಡೆ ಬದಲಾದ ರೀತಿ, ಇವನ್ನೂ ಪುಸ್ತಕ ಇದೇ ಊರಿನಲ್ಲಿ ನಿಲ್ಲಿಸಿ ವಿವರಿಸುತ್ತದೆ.

ವ್ಯಾಗನರ್ ಅವರದೇ 1996ರ ಲೇಖನವೊಂದನ್ನೂ ಜೊತೆಗೆ ಓದಿ. ‘ಹಿಂದೂರಾಯ ಸುರತ್ರಾಣ’ (ಸುರತ್ರಾಣ ಎಂದರೆ ಸುಲ್ತಾನ) ಎಂಬ ಬಿರುದು ಹೊತ್ತ ವಿಜಯನಗರದ ಅರಸರು ಆಸ್ಥಾನದಲ್ಲಿ ತೊಡುತ್ತಿದ್ದ ಉಡುಪಿನ ಬಗ್ಗೆ ಅದು. ಉದ್ದ ಅಂಗಿ ‘ಕಬಾಯಿ’, ಎತ್ತರದ ಟೋಪಿ ‘ಕುಳ್ಳಾಯಿ’, ಎರಡೂ ಪಶ್ಚಿಮ ಏಷ್ಯಾದಿಂದ ಬಂದವು. ಕುಳ್ಳಾಯಿಯ ಮೂಲ ಪಾರ್ಸಿಯ ಕುಲಾಹ್. ‘ಕೂಸು ಹುಟ್ಟೋ ಮೊದಲೇ ಕುಲಾವಿ’ ಎನ್ನುವಾಗ ನಮ್ಮ ಅಜ್ಜಿಯರ ನಾಲಿಗೆಯ ಮೇಲೆ ಇದ್ದದ್ದು ಅದೇ ಟೋಪಿಯ ಹೆಸರು.

ಕಲೆ, ಮತ್ತು ಮೈಸೂರು

ಇಲ್ಲಿ ಚುಟುಕಾಗಿ ಹೇಳುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2015ರಲ್ಲಿ ದಖ್ಖನಿ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ನಡೆಸಿತು. ಅದರ ಜೊತೆ ನವೀನಾ ಹೈದರ್ ಮತ್ತು ಮರಿಕಾ ಸರ್ದಾರ್ ತಂದ ‘ಸುಲ್ತಾನ್ಸ್ ಆಫ್ ಡೆಕ್ಕನ್ ಇಂಡಿಯಾ’ ಗ್ರಂಥ ಕಣ್ಣಿಗೆ ಹಬ್ಬ. ತನ್ನ ತಂಬೂರಿಗೆ ಮೋತಿಖಾನ್, ಆನೆಗೆ ಆತಿಶ್‌ಖಾನ್ ಎಂದು ಹೆಸರಿಟ್ಟು, ಕಿತಾಬ್-ಎ-ನೌರಸ್‌ನಲ್ಲಿ ಸರಸ್ವತಿಯನ್ನು ಸ್ತುತಿಸಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಚಿತ್ರಗಳನ್ನು ಇಷ್ಟು ಹತ್ತಿರದಿಂದ ನಾವು ಬೇರೆಲ್ಲೂ ನೋಡಲಾರೆವು. ಮೂಲಗಳು ದೇಶದೇಶಕ್ಕೆ ಚದುರಿಹೋಗಿವೆ. ಅದೇ ಅದರ ಕೊರತೆಯೂ ಹೌದು, ನೋವೂ ಹೌದು. ಒಂದೇ ಆಸ್ಥಾನವನ್ನು ಕ್ರಮವಾಗಿ ತಿಳಿಯಬೇಕೆಂದರೆ ಡೆಬೊರಾ ಹಟನ್ 2006ರಲ್ಲಿ ಬಿಜಾಪುರದ ಆಸ್ಥಾನ ಕಲೆಯ ಮೇಲೆ ತಂದ ಪುಸ್ತಕವೇ ಮೇಲು. ನೋಡುವವರಿಗೆ ಮೊದಲನೆಯದು, ಓದುವವರಿಗೆ ಎರಡನೆಯದು. ಬಿದರಿ ಕೆಲಸ ಇಷ್ಟವಾದವರು ಪುಟ ಮಡಚಿಟ್ಟು ಬೀದರಿಗೆ ಹೋಗಿ. ಸತು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆದು ಬರುವ ಗಳಿಗೆಯನ್ನು ಯಾವ ಫೋಟೋವೂ ಹಿಡಿಯುವುದಿಲ್ಲ.

ಮೈಸೂರಿನವರು ಕೇಳಿದರೆ ಕೇಲೆಬ್ ಸಿಮನ್ಸ್ ಅವರ ‘ಡಿವೋಷನಲ್ ಸಾವರಿನ್ಟಿ’ (ಆಕ್ಸ್‌ಫರ್ಡ್, 2020) ಹೇಳುತ್ತೇನೆ. ಟಿಪ್ಪು ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಒಂದೇ ಪುಸ್ತಕದಲ್ಲಿ, ಒಂದೇ ಪ್ರಶ್ನೆಯ ಕೆಳಗೆ ಕೂರಿಸಿರುವುದೇ ಅದರ ವಿಶೇಷ. ಇಬ್ಬರಲ್ಲಿ ಒಬ್ಬರನ್ನಷ್ಟೇ ಪ್ರೀತಿಸುವವರಿಗೆ ಓದು ಸ್ವಲ್ಪ ಕಷ್ಟವಾದೀತು, ಆದರೂ ಓದಬೇಕು.

ಕೊಳ್ಳುವ ಮುಂಚೆ

ಆಲೆಟ್ ಮತ್ತು ಸ್ಟೋಕರ್ ಇಬ್ಬರ ಪುಸ್ತಕವೂ ಪ್ರಕಾಶಕರ ಲ್ಯೂಮಿನೋಸ್ ಯೋಜನೆಯಲ್ಲಿ ಕಾನೂನುಬದ್ಧವಾಗಿ, ಬಿಟ್ಟಿಯಾಗಿ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಎಲೇನ್ ಫಿಶರ್ ಅವರ ‘ಹಿಂದೂ ಪ್ಲೂರಲಿಸಂ’ (2017) ಕೂಡ ಹಾಗೆಯೇ, ತಮಿಳುನಾಡಿನ ಶೈವರ ಕಡೆಗೆ ಆಸಕ್ತಿ ಇದ್ದವರಿಗೆ. ಮೆಟ್ರೊಪಾಲಿಟನ್ ಮ್ಯೂಸಿಯಂ ಕೂಡ ತನ್ನ ಹಲವಾರು ಪ್ರಕಟಣೆಗಳನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ, ಮೊದಲು ಅಲ್ಲಿ ಹುಡುಕಿ. ಬೆನ್-ಹೆರುತ್ ಪುಸ್ತಕದ ವಿದೇಶಿ ಆವೃತ್ತಿ ದುಬಾರಿ, ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ತರಿಸಿಕೊಡಿ ಎಂದು ಅರ್ಜಿ ಕೊಡುವುದೇ ದಾರಿ. ಹಣ ಕೊಟ್ಟು ಕೊಳ್ಳುವುದಾದರೆ ಶೆಟ್ಟರ್ ಅವರದನ್ನು ಕೊಳ್ಳಿ. ಪುಟದ ಅಂಚಿನಲ್ಲಿ ಬರೆದುಕೊಳ್ಳುವ ಪುಸ್ತಕ ಅದು.

ಯಾವುದೇ ಹೊಸ ಗ್ರಂಥ ಕೈಗೆ ಸಿಕ್ಕಾಗ ಮುನ್ನುಡಿ ಬಿಟ್ಟು ಹಿಂದಿನ ಪುಟಗಳಿಗೆ ಹೋಗಿ. ಆಧಾರಪಟ್ಟಿಯಲ್ಲಿ ಕನ್ನಡ ಪುಸ್ತಕಗಳು ಎಷ್ಟಿವೆ? ಎಂ. ಚಿದಾನಂದಮೂರ್ತಿ, ಎಂ.ಎಂ. ಕಲಬುರ್ಗಿ ಅಲ್ಲಿದ್ದಾರೆಯೇ? ಬಿ.ಎಲ್. ರೈಸ್ ಆರಂಭಿಸಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಹಳೆಯ ಸಂಪುಟದಿಂದಲೇ ಎತ್ತಿದ್ದಾರೋ, ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿದ ಆವೃತ್ತಿಯನ್ನೂ ನೋಡಿದ್ದಾರೋ? ಆಮೇಲೆ ರೋಮನ್ ಅಕ್ಷರದಲ್ಲಿ ಉದ್ಧರಿಸಿದ ಒಂದು ಕನ್ನಡ ಸಾಲನ್ನು ಗಟ್ಟಿಯಾಗಿ ಓದಿ. ಪದ ಒಡೆದ ಜಾಗ ತಪ್ಪಿದ್ದರೆ ನಿಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಕನ್ನಡದ ಒಂದೇ ಒಂದು ಗ್ರಂಥವನ್ನೂ ಹೆಸರಿಸದೆ ಕರ್ನಾಟಕದ ಬಗ್ಗೆ ಬರೆದ ಪುಸ್ತಕವನ್ನು, ಪ್ರಕಾಶಕರು ಎಷ್ಟೇ ದೊಡ್ಡವರಾಗಿರಲಿ, ನಾನು ಕಪಾಟಿಗೆ ವಾಪಸ್ ಇಡುತ್ತೇನೆ.

ಶಿರಸಿ ಕಡೆಯವರಿಗೆ ಒಂದು ಮಾತು. ಆಲೆಟ್ ಪಿಡಿಎಫ್ ಫೋನಿನಲ್ಲಿ ಹಾಕಿಕೊಂಡು ಬನವಾಸಿಗೆ ಹೋಗಿ. ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗನ ದೊಡ್ಡ ಚಪ್ಪಡಿ ಇದೆ. ಅದರ ಮೇಲಿನ ಬರಹ ಪ್ರಾಕೃತದ್ದು. ಚುಟು ವಂಶದ ರಾಜನ ಮಗಳೊಬ್ಬಳು ನಾಗ, ಕೆರೆ, ವಿಹಾರ ಮೂರನ್ನೂ ಕೊಟ್ಟ ದಾಖಲೆ, ಕೆತ್ತಿದ ಶಿಲ್ಪಿ ನಟಕನ ಹೆಸರೂ ಜೊತೆಗಿದೆ. ಮಿರ್ಜಾ ಖಾನನಿಗೆ ನೂರಾರು ವರ್ಷ ಮೊದಲೇ, ನಮ್ಮ ನೆಲದಲ್ಲಿ, ಹಾವಿನ ಮೈಮೇಲೇ ಬರೆದ ಆ ನುಡಿ.

ಈ ಬರಹಕ್ಕೆ ಕಾರಣವಾದ ಪ್ರಶ್ನೆ ಮೊನ್ನೆ ರಾಯಚೂರಿನ ಒಬ್ಬ ಮೇಷ್ಟ್ರಿಂದ ಬಂತು. ಅವರಿಗೆ ಈಟನ್-ವ್ಯಾಗನರ್ ಹೇಳಿದೆ, ಕೋಟೆಗೋಡೆಯ ಚಿತ್ರದ ವಿಷಯವನ್ನೂ ಹೇಳಿದೆ. ಎಷ್ಟೋ ವರ್ಷದಿಂದ ಅದೇ ಗೋಡೆಯ ಪಕ್ಕದಲ್ಲಿ ಓಡಾಡಿದರೂ ಅವರು ಅದನ್ನು ಗಮನಿಸಿರಲಿಲ್ಲವಂತೆ. ಬರುವ ಭಾನುವಾರ ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಕಲ್ಲಿನ ಉದ್ದ ಅಳೆಯಲು ಟೇಪು ಒಬ್ಬನ ಜವಾಬ್ದಾರಿ, ಕೋಣಗಳನ್ನು ಎಣಿಸುವ ಕೆಲಸ ಉಳಿದವರದ್ದು.